ನಗುವ ವೀರಭದ್ರ

ಕೊರಟಗೆರೆಯ ನಮ್ಮ ಮಠದ ಹಜಾರದಲ್ಲಿ ದೊಡ್ಡ ಹಲಗೆಯ ಮೇಲೆ ವೀರಭದ್ರನ ಚಿತ್ರವಿತ್ತು. ಬರೆದವರು ನಮ್ಮಪ್ಪ ಮರುಳಸಿದ್ದಯ್ಯ. ಊರೂರು ತಿರುಗಿ ಗೋಡೆಗಳ ಮೇಲೆ ಅವರು ಬರೆದದ್ದೆಲ್ಲ ಸುಣ್ಣದ ಕೆಳಗೆ ಹೋಗಿತ್ತು. ಉಳಿದದ್ದು ಇದೊಂದೇ. ಇದರಲ್ಲಿ ವೀರಭದ್ರ ನಗುತ್ತಿದ್ದ. ದಕ್ಷನ ತಲೆ ಕಡಿದ ದೇವರು ಹಲ್ಲು ಬಿಡುವುದೇ ಎಂದು ಊರಿನ ದೊಡ್ಡ ಮನುಷ್ಯರಿಗೆ ಹೊಟ್ಟೆನೋವು.

"ಕೆಲ್ಸ ಮುಗುದ್ ಮ್ಯಾಲೂ ನಗಬಾರ್ದಾ ಅವ್ನು?" ಎನ್ನುತ್ತಿದ್ದರು ಅಪ್ಪ.

ಅಪ್ಪ ಹೋದ ಮೇಲೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳತೊಡಗಿತು. ದೀಪದ ಹೊಗೆ ಬೇರೆ. ಕಣ್ಣೆದುರೇ ಅಪ್ಪ ಇನ್ನೊಂದು ಸಲ ಸಾಯುತ್ತಿದ್ದಾರೆ ಅನ್ನಿಸಿ ನನಗೆ ಅನ್ನ ಸೇರುತ್ತಿರಲಿಲ್ಲ. ಹಳೆಯ ಚಿತ್ರಗಳನ್ನು ಪರೀಕ್ಷಿಸುವ ಚಂದ್ರಶೇಖರಯ್ಯ ಎನ್ನುವವರು ಮೈಸೂರಿನಿಂದ ಮಧುಗಿರಿಗೆ ಬಂದಿದ್ದಾರೆಂದು ಕೇಳಿ, ಬಸ್ಸು ಹತ್ತಿ ಹೋಗಿ ಕರೆತಂದೆ.

ಒಳ್ಳೆಯ ಮನುಷ್ಯ. ಚಿತ್ರಕ್ಕೆ ಬೆರಳು ಕೂಡ ತಾಗಿಸಲಿಲ್ಲ. ಹಲಗೆಯನ್ನು ಅಂಗಳದ ಬಿಸಿಲಿಗೆ ತರಿಸಿ, ಕ್ಯಾಮೆರಾದ ಕಣ್ಣಿಗೆ ಕಪ್ಪನೆಯ ಗಾಜು ಸಿಕ್ಕಿಸಿ ಫೋಟೋ ತೆಗೆದರು. ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕಿದೆಯಂತೆ. ಅದು ಕೆಂಪು, ನೀಲಿಯನ್ನೆಲ್ಲ ತೂರಿಕೊಂಡು ಒಳಗೆ ಹೋಗಿ, ಕಾಡಿಗೆಯ ಗೆರೆ ಸಿಕ್ಕಲ್ಲಿ ಮಾತ್ರ ನಿಲ್ಲುತ್ತದಂತೆ. ನಮ್ಮಪ್ಪ ಗೆರೆಗಳನ್ನೂ ಕೆಂಪಿನಲ್ಲೇ ಎಳೆಯುತ್ತಿದ್ದವರು.

ಹದಿನೈದು ದಿನ ಬಿಟ್ಟು ಫೋಟೋ ತಂದರು. ಅದರಲ್ಲಿ ಅಪ್ಪನ ಒಂದು ಗೆರೆಯೂ ಇಲ್ಲ, ಬೇರೊಬ್ಬ ವೀರಭದ್ರ! ಕಣ್ಣು ಕೆಕ್ಕರಿಸಿ, ಕತ್ತಿ ಎತ್ತಿ ನಿಂತವನು. ಯಾರೋ ಹಿಂದಿನವರು ಕಾಡಿಗೆಯಲ್ಲಿ ಬರೆದಿದ್ದ ಚಿತ್ರ ಮಾಸಿದ ಮೇಲೆ, ಅದೇ ಹಲಗೆಯ ಮೇಲೆ ಅಪ್ಪ ಬರೆದಿದ್ದರು.

"ಎರಡೂ ಅಮೂಲ್ಯ. ಎರಡೂ ಹೀಗೇ ಇರಬೇಕು. ಯಾರೂ ಮುಟ್ಟಬೇಡಿ. ಏಳುತ್ತಿರುವ ಬಣ್ಣವನ್ನು ಕೂರಿಸುವ ಅಂಟು ತರುತ್ತೇನೆ" ಎಂದು ಹೇಳಿ ಅವರು ಮೈಸೂರಿಗೆ ಹೋದರು.

ಫೋಟೋ ಮಠದಲ್ಲೇ ಉಳಿಯಿತು. ಊರಿಗೆ ಊರೇ ಬಂದು ನೋಡಿತು.

"ಅಸ್ಲಿ ಸಾಮಿ ಕೆಳ್ಗವ್ನಾ! ಇಷ್ಟ್ ವರ್ಸ ಉಸ್ರು ಕಟ್ಕಂಡು ಕುಂತವ್ನಲ್ಲಪ್ಪಾ!" ಎಂದು ಮುದುಕಿ ರಾಜಲಕ್ಷ್ಮಮ್ಮ ಕೆನ್ನೆ ಬಡಿದುಕೊಂಡಳು. ಮಳೆ ತಪ್ಪಿದ್ದು, ದನ ಸತ್ತದ್ದು, ಅವಳ ಮೊಮ್ಮಗಳ ಮದುವೆ ಮುರಿದದ್ದು, ಎಲ್ಲಕ್ಕೂ ಈಗ ಕಾರಣ ಸಿಕ್ಕಿತು. ನಮ್ಮಪ್ಪ!

ಶಿವರಾತ್ರಿಗೆ ಮುಂಚೆ ಮಠದ ದೀಪ, ತಟ್ಟೆಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ಬೆಳಗುವುದು ನಮ್ಮಲ್ಲಿ ಪದ್ಧತಿ. ಆ ಸೋಮವಾರ ನಾನು ಹೋಗುವಷ್ಟರಲ್ಲಿ ಹಲಗೆ ಅಂಗಳದಲ್ಲಿ ಮಲಗಿತ್ತು. ಹೆಂಗಸರು ತೆಂಗಿನ ನಾರು ಹಿಡಿದು, ದೇವರನ್ನು ಸೆರೆಯಿಂದ ಬಿಡಿಸುವ ಭಕ್ತಿಯಲ್ಲಿ ಉಜ್ಜುತ್ತಿದ್ದರು. ಕೆಂಪು ನೀರು ಬಚ್ಚಲಿಗೆ ಹರಿಯುತ್ತಿತ್ತು.

ಓಡಿಹೋಗಿ ಹಲಗೆಯ ಮೇಲೆ ಬಿದ್ದೆ. ಮಠದ ಪಾರುಪತ್ಯಗಾರ ಮಹಾಲಿಂಗಯ್ಯ ನನ್ನ ರಟ್ಟೆ ಹಿಡಿದು ಎಬ್ಬಿಸಿದ.

"ಸುಮ್ಕಿರು ಕಮಲಾಕ್ಷಮ್ಮ. ನಿಮ್ಮಪ್ಪ ದೇವ್ರ ಮ್ಯಾಲೆ ಬಣ್ಣ ಬಳ್ದುಬುಟ್ಟ. ನಾವು ತೊಳೀತಾ ಇದೀವಿ. ಏನ್ ತೆಪ್ಪು?"

"ಮುಟ್ಬ್ಯಾಡಿ ಅಂತ ಹೇಳಿರ್ಲಿಲ್ವಾ ಅವ್ರು?"

"ಅವ್ರು ಹೇಳಿದ್ದು ಚಿತ್ರ ಮುಟ್ಬ್ಯಾಡಿ ಅಂತ. ಇವ್ನು ದೇವ್ರು ಕಣಮ್ಮ."

ಮೇಲಿನದೂ ಅಂಟಿನಲ್ಲಿ ಕಲಸಿದ ಬಣ್ಣ, ಕೆಳಗಿನದೂ ಅಂಟಿನಲ್ಲಿ ಕಲಸಿದ ಕಾಡಿಗೆ. ನೀರಿಗೆ ಭೇದವೆಲ್ಲಿಯದು? ಅಪ್ಪನ ವೀರಭದ್ರ ಹೋದ. ಅವನ ಹಿಂದೆಯೇ ಅಸಲಿ ವೀರಭದ್ರನೂ ಹೋದ. ಮಧ್ಯಾಹ್ನದ ಹೊತ್ತಿಗೆ ಬರೀ ಹಲಗೆ ಒಣಗುತ್ತಿತ್ತು. ಒಬ್ಬರಿಗಾದರೂ ನಾಚಿಕೆಯಾಗಬೇಕಲ್ಲ! ಫೋಟೋಗೆ ಕಟ್ಟು ಹಾಕಿಸಿ, ಕುಂಕುಮ ಇಟ್ಟು, ಅದನ್ನೇ ಹಜಾರದಲ್ಲಿ ತೂಗುಹಾಕಿದರು.

ಚಂದ್ರಶೇಖರಯ್ಯನವರು ಅಂಟಿನ ಸೀಸೆ ಹಿಡಿದು ಬಂದರು. ಹಲಗೆ ನೋಡಿ ಅಲ್ಲೇ ಜಗುಲಿಯ ಮೇಲೆ ಕೂತರು. ನಾನು ಒಂದೇ ಮಾತು ಕೇಳಿದೆ.

"ಅಯ್ನೋರೆ, ಮೇಲಿಂದು, ನಮ್ಮಪ್ಪ ಬರೆದದ್ದು, ಅದ್ರ ಫೋಟೋ ಐತಾ?"

ಅವರು ಸೀಸೆಯನ್ನು ಪಕ್ಕಕ್ಕಿಟ್ಟರು.

"ಇಲ್ಲಮ್ಮ. ಅದು ಹೇಗೂ ಎಲ್ಲರ ಕಣ್ಣಿಗೂ ಕಾಣುತ್ತಲ್ಲ ಅಂತ ತೆಗೆಯಲಿಲ್ಲ."

ಮಠದಲ್ಲಿ ಮಂಗಳಾರತಿಯಾದಾಗ ಎಲ್ಲರೂ ಆ ಫೋಟೋಗೆ ಕೈ ಮುಗಿಯುತ್ತಾರೆ. ನಾನು ಮುಗಿಯುವುದಿಲ್ಲ. ನಮ್ಮಪ್ಪ ಅಲ್ಲಿ ಇರಲೇ ಇಲ್ಲವೆಂದು ತೋರಿಸುವ ಫೋಟೋಗೆ ನಾನೇಕೆ ಕೈ ಮುಗಿಯಲಿ?