ಕೆಂಪು ಬಟ್ಟೆಯ ಗುರುತು

ಅವಳಿಗೆ ಹೆಚ್ಚು ಓದು ಇರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವಳು, ಹನ್ನೊಂದು ವರ್ಷದಿಂದ ಕಾಲೇಜಿನ ಒಣಗಿಡಗಳ ಕೋಣೆಯಲ್ಲಿ ಕಸ ಗುಡಿಸಿ, ಡ್ರಾಯರುಗಳ ಧೂಳು ಒರೆಸುತ್ತಿದ್ದಳು. ಹಾಳೆಗೆ ಅಂಟಿಸಿದ ಗಿಡಗಳನ್ನು ನೋಡಬೇಡ ಎಂದು ಯಾರೂ ಹೇಳಿರಲಿಲ್ಲ, ನೋಡಿದಳು.

ಹಾಗಾಗಿ ಅಣ್ಣನ ಗೋಧಿ ಹೊಲದ ಅಂಚಿನಲ್ಲಿ ಅದು ಕಂಡಾಗ ಗುರುತು ಹತ್ತಿತು. ಗೇಣುದ್ದದ ಕಾಂಡ, ಉಗುರಿನಷ್ಟು ನೀಲಿ ಹೂ, ಎಲೆಯ ಬುಡದಲ್ಲಿ ಬಿಳಿ ಕೂದಲು. ನಲವತ್ತೆರಡನೇ ಡ್ರಾಯರಿನದು. ಆ ಹಾಳೆಯ ತಾರೀಖಿಗೆ ಅರವತ್ತು ವರ್ಷವಾಗಿತ್ತು. ಆಮೇಲೆ ಯಾರಿಗೂ ಸಿಕ್ಕಿಲ್ಲವೆಂದು ಪ್ರೊಫೆಸರರು ಪಾಠದಲ್ಲಿ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

ಮೊಬೈಲಿನ ಫೋಟೋ ನೋಡಿ ಪ್ರೊಫೆಸರರು ಕನ್ನಡಕ ತೆಗೆದರು, ಮತ್ತೆ ಹಾಕಿದರು.

"ಫೋಟೋ ನಂಬ್ಕೊಂಡು ಏನೂ ಹೇಳಕ್ಕಾಗಲ್ಲಮ್ಮ. ಒಂದು ಕಿತ್ಕೊಂಡು ಬಾ."

"ಕೀಳಲ್ಲ ಸರ್. ಇನ್ನೂ ಬೀಜ ಕಟ್ಟಿಲ್ಲ. ನೀವೇ ಬನ್ನಿ."

"ಸೋಮವಾರ ಬರ್ತೀನಿ. ಅದೇ ಆಗಿದ್ರೆ ಆ ಅಂಚು ಉಳಿಸೋಕೆ ಅರ್ಜಿ ಹಾಕೋಣ."

ಅಣ್ಣ ನಕ್ಕ. "ನಾನು ಕಳೆ ಕಿತ್ತು ಕಿತ್ತು ಸಾಯ್ತಿದೀನಿ, ನಮ್ಮ ಪ್ರೊಫೆಸರಮ್ಮ ಕಳೆಗೆ ಕಾವಲು ಕೂತವ್ಳೆ."

"ಒಂದು ವಾರ ಅಣ್ಣ. ಅಂಚಿಗೆ ಕಳೆ ಔಷಧಿ ಬೇಡ."

"ಆಯ್ತು ತಾಯಿ, ಔಷಧಿ ಹೊಡೆಯೋನಿಗೆ ಹೇಳ್ತೀನಿ."

ಅವನು ಹೇಳಿದ್ದೂ ನಿಜ. ಅಷ್ಟಕ್ಕೆ ಇವಳು ಸುಮ್ಮನಾಗಲಿಲ್ಲ. ಪ್ರೊಫೆಸರರು ತುಳಿದಾರು ಎಂದು ಹಳೇ ಲಂಗ ಹರಿದು, ಪ್ರತಿ ಗಿಡದ ಪಕ್ಕ ಕಡ್ಡಿ ನೆಟ್ಟು, ಕೆಂಪು ಚೂರು ಕಟ್ಟಿದಳು.

ಭಾನುವಾರ ಸಂಜೆ ಹೋದಾಗ ಕಡ್ಡಿಗಳು ನೆಟ್ಟಗಿದ್ದವು, ಗಿಡಗಳು ಮುದುರಿ ಬಿದ್ದಿದ್ದವು. ಸುತ್ತಲಿನ ಹುಲ್ಲು ಹಸಿರಾಗೇ ಇತ್ತು.

ಔಷಧಿ ಹೊಡೆಯುವವನು ಪಕ್ಕದ ಹೊಲದಲ್ಲಿ ಟ್ಯಾಂಕು ತೊಳೆಯುತ್ತಿದ್ದ.

"ಅಂಚಿಗೆ ಬೇಡ ಅಂದಿದ್ರು ನಿಮ್ಮಣ್ಣ. ಟ್ರ್ಯಾಕ್ಟರ್ ಆ ಕಡೆ ತಿರುಗಿಸಲೇ ಇಲ್ಲ ಅಕ್ಕ."

"ಮತ್ತೆ ಗಿಡ?"

"ಕೆಂಪು ಬಟ್ಟೆ ಕಟ್ಟಿತ್ತಲ್ಲ. ಹಟಮಾರಿ ಕಳೆಗೆ ಎಲ್ಲರ ಹೊಲದಲ್ಲೂ ಅದೇ ಗುರುತು. ಬೆನ್ನಿಗೆ ಪಂಪು ಹಾಕ್ಕೊಂಡು ಒಂದೊಂದಕ್ಕೂ ಬಗ್ಗಿ ಹೊಡೆದೆ. ಸೊಂಟ ಬಿದ್ದೋಯ್ತು."

ಭೇಷ್ ಅನ್ನಿಸಿಕೊಳ್ಳಲು ಕಾದವನಂತೆ ನಿಂತ. ಹನ್ನೊಂದು ವರ್ಷದ ಹಿಂದೆ ಅವಳು ಹೊಲಗೆಲಸ ಬಿಟ್ಟು ಹೋದ ಕಾಲಕ್ಕೆ ಕಳೆಯನ್ನು ಕೈಯಲ್ಲೇ ಕೀಳುತ್ತಿದ್ದರು. ಆ ಗುರುತು ಅವಳಿಗೆ ಗೊತ್ತಿರಲಿಲ್ಲ.

ಸೋಮವಾರ ಪ್ರೊಫೆಸರರು ಬಂದು ಕುಕ್ಕರಗಾಲಲ್ಲಿ ಕೂತರು. "ಅದೇ," ಎಂದರು. ಒಂದನ್ನು ಕಿತ್ತು ಪೇಪರಿನ ಮಡಿಕೆಯಲ್ಲಿಟ್ಟರು. "ಸತ್ತ ಗಿಡಕ್ಕೆ ಅರ್ಜಿ ಹಾಕಕ್ಕಾಗಲ್ಲಮ್ಮ." ಹೊಸ ಹಾಳೆ ನಲವತ್ತೆರಡನೇ ಡ್ರಾಯರಿಗೆ ಹೋಯಿತು. ಅದರ ಧೂಳನ್ನೂ ಅವಳೇ ಒರೆಸುತ್ತಾಳೆ.

ಮಣ್ಣಲ್ಲಿ ಹಳೇ ಬೀಜ ಇದ್ದರೆ ಮೊಳೆಯಲಿ ಎಂದು ಅಣ್ಣ ಎರಡು ವರ್ಷ ಅಂಚನ್ನು ಉತ್ತು, ಬಿತ್ತದೆ ಬಿಟ್ಟ. ಎರಡೂ ವರ್ಷ ಅವಳು ಮಂಡಿಯೂರಿ ಹುಡುಕಿದಳು. ಬರೀ ಹುಲ್ಲು ಬಂತು. ಮೂರನೇ ವರ್ಷ ಅಲ್ಲೂ ಗೋಧಿ ಹಾಕಿದ, ಅವಳು ಬೇಡವೆನ್ನಲಿಲ್ಲ.

ಸತ್ತದ್ದು ಮೂವತ್ತೊಂದು ಗಿಡ. ಬೀಜ ಕಟ್ಟಿದ್ದು ಒಂದೂ ಇಲ್ಲ.