ಚೆಂಡು ಹುಡುಕುವ ಮೇಷ್ಟ್ರು

"ಎತ್ತಿ ಅಂದ್ರೆ ಎಲ್ಲರೂ ಒಟ್ಟಿಗೆ ಎತ್ತಬೇಕು ಕಣ್ರೋ!" ಎಂದು ಟೆನಿಸ್ ಮೇಷ್ಟ್ರ ಹೆಂಡತಿ ಗದರಿದರು. ಗಂಡನ ಶವಪೆಟ್ಟಿಗೆಯನ್ನು ಜಗಲಿಗೆ ತರಬೇಕಿದ್ದ ನಾಲ್ವರು ಹಳೇ ಶಿಷ್ಯರಲ್ಲಿ ಇಬ್ಬರು ಎತ್ತಿದ್ದರು, ಇಬ್ಬರು ಇನ್ನೂ ಅಂಗಿಯ ತೋಳು ಮಡಿಸಿಕೊಳ್ಳುತ್ತಿದ್ದರು. "ಒಂದು ಕಪ್ ಗೆಲ್ಲಲಿಲ್ಲ, ಒಂದು ಪೆಟ್ಟಿಗೆ ಎತ್ತೋಕೂ ಬರಲ್ಲ. ಅದೇನು ಕಲಿಸಿದ್ರು ಅವ್ರು ನಿಮಗೆ?"

"ಚೆಂಡು ಹುಡುಕೋದು ಕಲಿಸಿದ್ರಮ್ಮ," ಎಂದ ನಾಲ್ವರಲ್ಲೊಬ್ಬನಾದ ಕಾಂಪೌಂಡರ್.

* * *

ಆಗವನು ಕಾಲೇಜು ಹುಡುಗ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಊಟ ನಿದ್ದೆ ಬಿಟ್ಟು, ಬದುಕೇ ಬೇಡವೆನ್ನಿಸಿ ಮೈದಾನದಲ್ಲಿ ನಿಂತಿದ್ದ. ಮೇಷ್ಟ್ರು ಏನೂ ಕೇಳಲಿಲ್ಲ. ಚೆಂಡನ್ನು ಬೇಲಿಯಾಚೆ ಬಾರಿಸಿ, "ಹೋಯ್ತಲ್ಲೋ! ಬಾ, ಹುಡುಕೋಣ," ಎಂದರು. ಪೊದೆಯಲ್ಲಿ ಬಗ್ಗಿದವರಿಗೆ ಒಬ್ಬರ ಮುಖ ಒಬ್ಬರು ನೋಡುವ ಫಜೀತಿಯಿಲ್ಲ. ಹುಡುಗನ ಬಾಯಿಂದ ಒಂದೊಂದೇ ಮಾತು ಉದುರಿತು. ಕತ್ತಲಾಗುವ ಹೊತ್ತಿಗೆ, ಮೇಷ್ಟ್ರು ಜೊತೆಗೆ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇನೆಂದು ಒಪ್ಪಿಕೊಂಡಿದ್ದ. ಯಾವಾಗಲೋ ಸಿಕ್ಕಿದ್ದ ಚೆಂಡು ಮೇಷ್ಟ್ರ ಜೇಬಿನಲ್ಲಿ ಉಬ್ಬಿಕೊಂಡಿತ್ತು.

* * *

"ನನಗೂ ಹಾಗೇ ಮಾಡಿದ್ರು!" ಎಂದ ಬಸ್ ಕಂಡಕ್ಟರ್.

"ನಿನಗೂನಾ? ನನಗೊಬ್ಬನಿಗೇ ಅಂದ್ಕೊಂಡಿದ್ನಲ್ಲೋ!" ದರ್ಜಿಗೆ ಮುನಿಸೇ ಬಂತು.

ಸಾವಿನ ಮನೆಯಲ್ಲಿ ನಗು ಸಿಡಿಯಿತು. "ಅಯ್ಯೋ, ಗುರಿಯಿಲ್ಲದ ಗಂಡಸು ಅಂತ ಊರೆಲ್ಲ ಹೇಳ್ಕೊಂಡು ಬಂದೆ," ಎಂದು ಹೆಂಡತಿಯೂ ನಕ್ಕರು.

ನಗದವಳು ಒಬ್ಬಳೇ, ಬಾಗಿಲಿಗೆ ಅಂಟಿಕೊಂಡಿದ್ದ ಮೇಷ್ಟ್ರ ಕೊನೆಯ ಶಿಷ್ಯೆ. ಶಾಲೆ ಬಿಟ್ಟು ಕೋಣೆ ಸೇರಿದ್ದವಳನ್ನು ಅವರು ಮೊನ್ನೆ ಮೊನ್ನೆ ಮೈದಾನಕ್ಕೆ ಕರೆತಂದಿದ್ದರು. ಬೆಳಗಿನಿಂದ ಗುಟುಕು ನೀರಿಲ್ಲ, ತುಟಿ ಬಿಚ್ಚಿಲ್ಲ. ಇವಳು ಮತ್ತೆ ಬಾಗಿಲು ಹಾಕಿಕೊಂಡರೆ ತೆಗೆಸುವವರು ಯಾರೆಂದು ಹೆಂಡತಿಯ ಜೀವ ಹೊಯ್ದಾಡಿತು.

"ಅಕ್ಕಾ, ಮುಚ್ಚಳ ಹಾಕ್ತಾರೆ. ಜೊತೆಗಿಡೋಕೆ ಭಾವನ ಕನ್ನಡಕ ಎಲ್ಲಿ?" ಎಂದು ತಮ್ಮ ಅವಸರ ಮಾಡಿದ.

"ಮಂಚದ ಕೆಳಗೆಲ್ಲೋ ಬಿದ್ದಿರ್ಬೇಕು ಕಣೋ. ಬಾರೇ ಹುಡುಗಿ, ಹುಡುಕೋಣ."

ಇಬ್ಬರೂ ಮಂಡಿಯೂರಿ ಮಂಚದಡಿ ತಲೆ ತೂರಿಸಿದರು.

"ಎಂಥಾ ಗೊರಕೆ ಹೊಡೀತಿದ್ರು ಗೊತ್ತಾ? ನಿನ್ನೆ ರಾತ್ರಿ ಮನೇಲಿ ಸದ್ದೇ ಇಲ್ಲ..." ಬೆಳಗಿನಿಂದ ಗದರುತ್ತಲೇ ಇದ್ದ ದನಿ ಅಲ್ಲಿಗೆ ಒಡೆಯಿತು.

ಹುಡುಗಿ ತಿರುಗಿದಳು. ಮೇಷ್ಟ್ರ ಹೆಂಡತಿಯ ಮುಷ್ಟಿಯ ಸಂದಿಯಿಂದ ಕನ್ನಡಕದ ಕಡ್ಡಿ ಇಣುಕುತ್ತಿತ್ತು. ಒಂದು ಗಳಿಗೆ ನೋಡಿ, ಮತ್ತೆ ಕತ್ತಲತ್ತ ಮುಖ ಮಾಡಿದಳು.

"ಇಲ್ಲಿಲ್ಲಮ್ಮ," ಎಂದಳು. "ಆ ಮೂಲೆ ನೋಡೋಣ. ನನಗೂ... ನನಗೂ ರಾತ್ರಿ ನಿದ್ದೆ ಬರಲಿಲ್ಲ."

ಹುಡುಕಿಕೊಂಡು ಬಂದ ತಮ್ಮನಿಗೆ ಕಂಡದ್ದು ಮಂಚದಡಿಯಿಂದ ಹೊರಚಾಚಿದ ನಾಲ್ಕು ಪಾದಗಳು, ಅಷ್ಟೇ.