ಕಿಟಕಿಯ ಪಕ್ಕದ ಕುರ್ಚಿ

ಸ್ಟುಡಿಯೋ ಮಾಲೀಕನನ್ನು ಭಾನುವಾರದ ಗುಂಪಿನವರು ಬೆನ್ನ ಹಿಂದೆ ಕತ್ತರಿ ಎಂದೇ ಕರೆಯುತ್ತಿದ್ದರು. ಹವ್ಯಾಸಕ್ಕೆ ಫೋಟೊ ತೆಗೆಯುವ ಏಳೆಂಟು ಮಂದಿ ಅವನಲ್ಲಿಗೆ ಬರುತ್ತಿದ್ದರು. ತಂದ ಚಿತ್ರವನ್ನು ಗೋಡೆಗೆ ಅಂಟಿಸಿದರೆ, ಅವನು ರಟ್ಟಿನ ಪಟ್ಟಿಗಳನ್ನು ಅದರ ಮೇಲೆ ಅತ್ತಿತ್ತ ಸರಿಸಿ, ಬೇಡದ್ದನ್ನು ಮುಚ್ಚಿ ತೋರಿಸುತ್ತಿದ್ದ. ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಮೊದಲು ಒಂದು ಒಳ್ಳೆಯ ಮಾತು, ಆಮೇಲೆ ಕೊರತೆ, ಕೊನೆಗೆ ಅದನ್ನು ತಿದ್ದುವ ದಾರಿ. ಅಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು: ಚಿತ್ರ ತೆಗೆದವರು ತುಟಿ ಬಿಚ್ಚುವಂತಿಲ್ಲ, ಚಿತ್ರವೇ ಮಾತಾಡಬೇಕು.

ಗುಂಪಿನ ಕ್ಷೌರಿಕ ಒಮ್ಮೆ ಕೇಳಿದ್ದ: “ನಾನು ಕತ್ತರಿಸಿದ್ದು ತಿಂಗಳಲ್ಲಿ ಬೆಳೆಯುತ್ತೆ ಸಾರ್. ನೀವು ಕತ್ತರಿಸಿದ್ದು?” ಎಲ್ಲರಿಗಿಂತ ಜೋರಾಗಿ ಮಾಲೀಕನೇ ನಕ್ಕಿದ್ದ.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಾಲೀಕನ ತಂಗಿಯೂ ಕ್ಯಾಮೆರಾ ಕೊಂಡು ಗುಂಪಿಗೆ ಸೇರಿದಳು. ಮೊದಲು ತಂದದ್ದು ಪಾತ್ರೆ ತೊಳೆಯುತ್ತಿದ್ದ ಅಮ್ಮನ ಚಿತ್ರ. ಅರ್ಧವನ್ನು ಬೆಳ್ಳನೆಯ ಕಿಟಕಿಯೇ ನುಂಗಿತ್ತು. ಅತ್ತ ತಿರುಗಿದ್ದ ಅಮ್ಮನ ಮುಖ ಬಾಯಿಯ ಹತ್ತಿರ ಕಲಸಿಹೋಗಿತ್ತು. ಕೈಗಳು ಚೆನ್ನಾಗಿ ಬಂದಿವೆ ಎಂದ. ಮುಖ ಅಲುಗಿದೆ ಎಂದ. ಪಟ್ಟಿ ಸರಿಸಿ ಕಿಟಕಿಯನ್ನು ಮುಚ್ಚಿದ. ಅಮ್ಮನನ್ನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸು, ಬೆಳಕು ಮುಖಕ್ಕೆ ಬೀಳಲಿ, ಅಲುಗಬೇಡ ಅಂತ ಹೇಳು ಎಂದು ದಾರಿಯನ್ನೂ ತೋರಿಸಿದ. ತಂಗಿ ಏನೋ ಹೇಳಲು ಬಾಯಿ ತೆರೆದಳು. ಅವನು ನಗುತ್ತಲೇ ತುಟಿಯ ಮೇಲೆ ಬೆರಳಿಟ್ಟ. ಅವಳು ಚಿತ್ರವನ್ನು ಗೋಡೆಯಿಂದ ಬಿಡಿಸಿಕೊಂಡಳು.

ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಕಲಿತಳು. ಕೆಲವು ವಾರಗಳಲ್ಲಿ ಅಮ್ಮನ ಕುರ್ಚಿಯ ಚಿತ್ರ ಬಂತು. ಒಂದೊಂದು ಸುಕ್ಕೂ ಸ್ಪಷ್ಟ. ಗುಂಪು ಚಪ್ಪಾಳೆ ತಟ್ಟಿತು. ಅವನು ಅದನ್ನು ದೊಡ್ಡದು ಮಾಡಿಸಿ ಅಂಗಡಿಯ ಮುಂದಿನ ಗಾಜಿನೊಳಗೆ ತೂಗುಹಾಕಿದ.

ಒಂದು ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿಯುತ್ತಿದ್ದವನಿಗೆ ಏನೋ ಕಡಿಮೆಯಾದಂತೆನಿಸಿತು. ಅಡುಗೆಮನೆಯಿಂದ ನೀರಿನ ಸದ್ದು ಬರುತ್ತಿತ್ತು, ಅಷ್ಟೇ. ಪಾತ್ರೆ ತೊಳೆಯುವಾಗ ಅಮ್ಮ ದೇವರ ಪದ ಹೇಳಿಕೊಳ್ಳುತ್ತಿದ್ದಳು, ತನ್ನ ತಾಯಿಯಿಂದ ಕಿವಿಗೆ ಬಿದ್ದ ಪದಗಳು. ಯಾರಾದರೂ ಹೇಳು ಎಂದರೆ ಒಂದು ಸಾಲೂ ಬಾರದು. ಅವನು ಚಿಕ್ಕಂದಿನಲ್ಲಿ ಎದ್ದದ್ದು ಆ ದನಿಗೇ. ಯಾರೂ ಕಲಿಸದೆಯೇ ಎಷ್ಟೋ ಪದ ಅವನಿಗೆ ಬಾಯಿಪಾಠವಾಗಿದ್ದವು. ಆ ದನಿ ನಿಂತದ್ದು ಯಾವಾಗ? ತಂಗಿಯನ್ನು ಕೇಳಿದ.

“ಆ ಮೊದಲನೇ ಫೋಟೊದಲ್ಲಿ ಅಮ್ಮ ಪದ ಹೇಳ್ತಾ ಇದ್ಲು ಅಣ್ಣ. ತಲೆ ತೂಗ್ತಾ ಇದ್ಲು, ಅದಕ್ಕೇ ಮುಖ ಅಲುಗಿದ್ದು. ಈಗ ನಾವು ಒಳಗೆ ಹೋದ್ರೆ ಸಾಕು, ಬಾಯಿ ಮುಚ್ಕೊಳ್ತಾಳೆ. ಫೋಟೊ ಕೆಡುತ್ತಂತೆ.”

“ಅವತ್ತೇ ಹೇಳಬಾರದಿತ್ತಾ?”

“ಹೇಳೋ ಹಾಗಿರ್ಲಿಲ್ವಲ್ಲ.”

ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಅದಕ್ಕೇ ಅದು ಆಳಕ್ಕೆ ಇಳಿಯಿತು. ಆ ಚಿತ್ರ ಕೊಡು ಎಂದ. ಕ್ಯಾಮೆರಾದಲ್ಲಿದ್ದದ್ದನ್ನು ಅಳಿಸಿಬಿಟ್ಟೆ ಎಂದಳು. ಕೆಟ್ಟದ್ದನ್ನು ಇಟ್ಟುಕೊಂಡರೆ ಕಣ್ಣು ಕೆಡುತ್ತದೆ ಎಂದು ಅವನೇ ಗುಂಪಿಗೆ ಹೇಳಿದ್ದನಲ್ಲ. ಗೋಡೆಗೆ ಅಂಟಿಸಿದ್ದ ಪ್ರತಿ?

“ನೀನು ಪಟ್ಟಿ ಇಟ್ಟ ಕಡೆಯೇ ಕತ್ತರಿಸಿ ನೋಡ್ದೆ. ಏನೂ ಉಳೀಲಿಲ್ಲ, ಎಸೆದೆ.”

ಅವನು ಬರಿಗೈಯಲ್ಲಿ ಅಡುಗೆಮನೆಯ ಕಡೆ ನಡೆದ. ಒಳಗೆ ಹೋಗದೆ, ಉಸಿರು ಬಿಗಿಹಿಡಿದು ಬಾಗಿಲ ಮರೆಯಲ್ಲಿ ನಿಂತ. ಒಂದು ಸಾಲು ಕೇಳಿದರೂ ಸಾಕಿತ್ತು. ಪಾತ್ರೆಗಳು ಒಂದಕ್ಕೊಂದು ತಾಗಿದವು, ನೀರು ಹರಿಯಿತು. ಅವನ ನೆರಳು ನೆಲದ ಮೇಲೆ ಚಾಚಿದ್ದು ಅವನಿಗೇ ತಿಳಿಯಲಿಲ್ಲ.

ಅಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು, ಕೂದಲು ನೀವಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಗದ್ದ ಎತ್ತಿದಳು. ಅವನು ಹೇಳಿಕೊಟ್ಟಿದ್ದಂತೆಯೇ ಬೆಳಕು ಮುಖಕ್ಕೆ ಬಿತ್ತು.

“ಸರಿಯಾಗಿದ್ಯಾ ಮಗಾ?” ಎಂದಳು, ತುಟಿ ಹೆಚ್ಚು ಅಲುಗದಂತೆ.